ಜೇಬಿರುವ ಸ್ವೆಟರು

ಆ ಹಳೇ ಕಟ್ಟಡದ ಲಿಫ್ಟು ತಾನಾಗಿ ನಿಲ್ಲುವಂಥದ್ದಲ್ಲ. ಒಳಗೊಬ್ಬ ಸ್ಟೂಲಿನ ಮೇಲೆ ಕೂತು, ಹಿಡಿ ತಿರುಗಿಸಿ, ನೆಲದ ಮಟ್ಟಕ್ಕೆ ಸರಿಯಾಗಿ ನಿಲ್ಲಿಸಿ, ಜಾಲರಿ ಬಾಗಿಲನ್ನು ಎಳೆದು ಹಿಡಿಯಬೇಕು. ಆ ಕೆಲಸದಲ್ಲೇ ತಲೆ ನರೆಸಿಕೊಂಡವನು ಲಿಫ್ಟಣ್ಣ. ಅಲ್ಲಿನ ಮಕ್ಕಳಿಗೂ ಲಿಫ್ಟಣ್ಣ, ಆ ಮಕ್ಕಳ ಅಜ್ಜಂದಿರಿಗೂ ಲಿಫ್ಟಣ್ಣ. ಹೆತ್ತವರಿಟ್ಟ ಹೆಸರನ್ನು ಹೆಂಡತಿಯೂ ಬಳಸುತ್ತಿರಲಿಲ್ಲ. ಅವಳು ‘ರೀ’ ಅಂದರೆ ಮುಗಿಯಿತು.

ವರ್ಷದ ಕೊನೆಯ ತಿಂಗಳು ಅಲ್ಲಿ ಭಕ್ಷೀಸಿನ ಕಾಲ. ಕಾವಲಿನವನಿಗೆ, ಗುಡಿಸುವ ಅಕ್ಕನಿಗೆ, ಲಿಫ್ಟಣ್ಣನಿಗೆ ಪ್ರತಿ ಮನೆಯವರೂ ಕವರಿನಲ್ಲಿ ಏನಾದರೂ ಇಟ್ಟು ಕೊಡುವುದು ವಾಡಿಕೆ. ಪಕ್ಕದ ಮನೆಯವರು ಎಷ್ಟು ಕೊಟ್ಟರೋ, ನಮ್ಮದು ಕಡಿಮೆಯಾಯಿತೋ ಏನೋ ಎಂದು ಕೊಡುವವರು ತಲೆ ಕೆಡಿಸಿಕೊಳ್ಳುತ್ತಿದ್ದರು. ತೆಗೆದುಕೊಳ್ಳುವವರಿಗೂ ರೀತಿರಿವಾಜು ಇರುತ್ತದೆಂಬುದು ಅವರಿಗೇನು ಗೊತ್ತು? ಎದುರಿಗೆ ಕವರು ಬಿಚ್ಚಬಾರದು. ಕೊಡದವರ ಮುಂದೆ ಮುಖ ಸಣ್ಣದು ಮಾಡಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಆ ತಿಂಗಳಲ್ಲಿ ಮನೆಯ ಕಷ್ಟವನ್ನು ಬಾಯಿ ಬಿಡಬಾರದು.

ಈ ಕೊನೆಯದನ್ನು ಲಿಫ್ಟಣ್ಣ ಕಲಿತದ್ದು ಲಿಫ್ಟಿನೊಳಗೇ. ಒಮ್ಮೆ ಗುಡಿಸುವ ಅಕ್ಕ, ತಾಯಿಗೆ ಲಕ್ವ ಹೊಡೆದಿದೆ ಎಂದು ಎರಡನೇ ಮಹಡಿಯ ಲಾಯರ ಮುಂದೆ ಕಣ್ಣೀರಿಟ್ಟಿದ್ದಳು. ಅವಳು ಇಳಿದು ಹೋದದ್ದೇ ತಡ, ಲಾಯರು ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದರು: “ನೋಡಿದ್ಯಾ, ಇವರ ಮನೇಲಿ ಯಾರಾದ್ರೂ ಕಾಯಿಲೆ ಬೀಳೋದು ಸರಿಯಾಗಿ ಇದೇ ತಿಂಗಳು.” ಹೆಂಡತಿ ಕಿಸಕ್ಕನೆ ನಕ್ಕರು. ಲಿಫ್ಟು ಓಡಿಸುವವನಿಗೂ ಕಿವಿಯಿದೆ ಎಂಬುದು ಆ ಪುಣ್ಯಾತ್ಮರಿಗೆ ನೆನಪೇ ಇರಲಿಲ್ಲ. ಅವನ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ತನ್ನ ಮನೆಯ ವಿಷಯ ಇವರ ಬಾಯಿಗೆ ಬೀಳಬಾರದೆಂದು ಅವತ್ತೇ ಮನಸ್ಸು ಗಟ್ಟಿ ಮಾಡಿಕೊಂಡ.

ನಾಲ್ಕನೇ ಮಹಡಿಯ ಟೀಚರಮ್ಮ ಮಾತ್ರ ಬೇರೆ ಥರ. ನಿವೃತ್ತರು, ಒಂಟಿ ಜೀವ. ಕವರಿನ ಜೊತೆಗೆ, ಅವನ ಹೆಂಡತಿಗೆಂದು ತಾವೇ ಹೆಣೆದ ಸ್ವೆಟರು ಕೊಡುತ್ತಿದ್ದರು. ಅವಳನ್ನು ಕಣ್ಣಾರೆ ಕಂಡವರಲ್ಲ. “ಎಷ್ಟೆತ್ತರ ಇದಾಳಪ್ಪ?” ಎಂದು ಕೇಳಿದಾಗ ಅವನು ತನ್ನ ಭುಜ ಮುಟ್ಟಿ ತೋರಿಸಿದ್ದ. “ದಪ್ಪಾನಾ?” ಎಂದಾಗ, “ಬೈಯೋವಾಗ ದಪ್ಪ ಕಾಣ್ತಾಳಮ್ಮ” ಅಂದಿದ್ದ. ಟೀಚರಮ್ಮ ನಾಲ್ಕನೇ ಮಹಡಿ ಬರುವ ತನಕ ನಕ್ಕಿದ್ದರು.

ಕಳೆದ ವರ್ಷ ಹೆಂಡತಿ ಮೊದಲ ಸಲ ಬೇಡಿಕೆ ಇಟ್ಟಳು. “ರೀ, ಮುಂದಿನ ಸಲ ಜೇಬು ಇಡೋಕೆ ಹೇಳ್ರೀ. ಬೆಳಗ್ಗೆ ಹಾಲು ತರೋಕೆ ಹೋದ್ರೆ ಕೈ ಕೊರೆಯುತ್ತೆ.” ಅವನು ನಾಚಿಕೊಂಡೇ ಹೇಳಿದ. ಟೀಚರಮ್ಮನಿಗೆ ಖುಷಿಯೋ ಖುಷಿ. ಒಬ್ಬರ ಮುಖ ಒಬ್ಬರು ನೋಡದೆಯೇ ಆ ಇಬ್ಬರು ಹೆಂಗಸರು ಗೆಳತಿಯರಾಗಿಬಿಟ್ಟಿದ್ದರು.

ಈ ವರ್ಷ ಆ ತಿಂಗಳು ಕಾಲಿಟ್ಟ ವಾರದಲ್ಲೇ, ಹೆಂಡತಿ ಹಾಲಿನ ಪಾತ್ರೆ ಹಿಡಿದವಳು ಹಿಡಿದಂತೆಯೇ ಬಾಗಿಲ ಮುಂದೆ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಕ್ಕಳಿಲ್ಲದ ಮನೆ. ಅವನು ಮಣ್ಣು ಮಾಡಿ ಬಂದ, ಜ್ವರವೆಂದು ಹೇಳಿ ಕೆಲವು ದಿನ ರಜೆ ಹಾಕಿದ, ಆಮೇಲೆ ಗಡ್ಡ ಹೆರೆದುಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಹಾಳು ಮರ್ಯಾದೆ! ಹೆಂಡತಿ ಸತ್ತದ್ದನ್ನೂ ತಿಂಗಳು ನೋಡಿ ಹೇಳಬೇಕೇ ಎಂದು ನಾವು ಬೇಕಾದರೆ ಕೇಳಬಹುದು. ನಾವು ಆ ಸ್ಟೂಲಿನ ಮೇಲೆ ಕೂತವರಲ್ಲ.

ಈ ತಿಂಗಳೊಂದು ಕಳೆಯಲಿ, ಟೀಚರಮ್ಮನಿಗೆ ಹೇಳಿಯೇ ಹೇಳುತ್ತೇನೆ ಎಂದುಕೊಂಡಿದ್ದ. ತನ್ನನ್ನು ಬಿಟ್ಟರೆ ಅವಳಿಗಾಗಿ ಅಳಬಲ್ಲ ಇನ್ನೊಂದು ಜೀವ ಈ ಊರಲ್ಲಿ ಇದ್ದರೆ ಅದು ಅವರೇ. ಜೊತೆಗೆ ಕೂತು ಅಳುವವರಿಲ್ಲದೆ ಅವನಿಗೆ ಅಳುವೇ ಬಂದಿರಲಿಲ್ಲ.

ಆದರೆ ಟೀಚರಮ್ಮ ಅಷ್ಟರೊಳಗೇ ಪೊಟ್ಟಣ ಹಿಡಿದು ಬಂದರು. “ಜೇಬು ಇಟ್ಟಿದೀನಿ, ಎರಡೂ ಕಡೆ. ಹೇಳು ಅವಳಿಗೆ.” ಮಾತು ನಾಲಗೆಯ ತುದಿಗೆ ಬಂದಿತ್ತು. ಅದೇ ಹೊತ್ತಿಗೆ ಲಾಯರು ಲಿಫ್ಟು ಹತ್ತಿ, “ನಮ್ಮ ಲಿಫ್ಟಣ್ಣ ನೋಡಿ ಟೀಚರೇ, ಒಂದಿನಾನೂ ಕಷ್ಟ ಅಂತ ಬಾಯಿ ಬಿಟ್ಟವನಲ್ಲ. ಚಿನ್ನದಂಥ ಮನುಷ್ಯ” ಎಂದು ತಮ್ಮ ಕವರನ್ನೂ ಅವನ ಕೈಗಿಟ್ಟರು. “ಕೊಡ್ತೀನಮ್ಮ” ಎಂದು ಪೊಟ್ಟಣವನ್ನು ಸ್ಟೂಲಿನ ಕೆಳಗೆ ಇಟ್ಟ.

ಹೊಸ ವರ್ಷ ಬಂತು. ಟೀಚರಮ್ಮ ಒಬ್ಬರೇ ಲಿಫ್ಟು ಹತ್ತುವುದನ್ನೇ ಕಾದಿದ್ದು, ಬಾಗಿಲು ಎಳೆದವನೇ, “ಅಮ್ಮ, ಒಂದು ಮಾತು...” ಅಂದ.

“ಗೊತ್ತು ಬಿಡು, ನಾನೇ ಕೇಳ್ಬೇಕು ಅಂತಿದ್ದೆ. ಜೇಬು ಸರಿಹೋಯ್ತಂತಾ?”

ಅವರ ಮುಖ ನೋಡಿದ. ಸತ್ತವಳ ಹೆಸರಲ್ಲಿ ಸ್ವೆಟರು ಇಸಿದುಕೊಂಡು ಮನೆಗೆ ಒಯ್ದವನು ತಾನು. ಈಗ ಯಾವ ಬಾಯಲ್ಲಿ ಹೇಳುವುದು? ಅವತ್ತು ಹೇಳಿದ್ದರೆ ಕಷ್ಟ ಹೇಳಿಕೊಂಡಂತಾಗುತ್ತಿತ್ತು, ಅಷ್ಟೇ. ಇವತ್ತು ಹೇಳಿದರೆ ಮೋಸಗಾರನಾಗುತ್ತಾನೆ.

“ಸರಿಹೋಯ್ತಂತಮ್ಮ” ಅಂದ. “ಕೈ ಬೆಚ್ಚಗಿದೆಯಂತೆ.”

“ನನಗದೇ ಬೇಕಿತ್ತು ಕಣಪ್ಪ. ಮುಂದಿನ ಸಲ ಯಾವ ಬಣ್ಣ ಬೇಕು ಅಂತ ಕೇಳ್ಕೊಂಡು ಬಾ. ಮರೀಬೇಡ.”

“ಕೇಳ್ತೀನಮ್ಮ.”

ಅವತ್ತು ಲಿಫ್ಟು ನಾಲ್ಕನೇ ಮಹಡಿಯ ನೆಲಕ್ಕಿಂತ ಒಂದು ಗೇಣು ಮೇಲೆ ನಿಂತಿತು. ಅವನ ಕೈಯಲ್ಲಿ ಹಾಗಾದದ್ದು ಅದೇ ಮೊದಲು. ಟೀಚರಮ್ಮ ಅವನ ತೋಳು ಹಿಡಿದುಕೊಂಡು ಜೋಪಾನವಾಗಿ ಇಳಿದರು.

ಸಂಜೆ ಮನೆಗೆ ಬಂದವನು, ಅಲ್ಲಿಯವರೆಗೆ ಹಾಗೇ ಇಟ್ಟಿದ್ದ ಪೊಟ್ಟಣ ಬಿಚ್ಚಿದ. ಸ್ವೆಟರನ್ನು ಬಾಗಿಲ ಹಿಂದಿನ ಮೊಳೆಗೆ, ಅವಳ ಸೀರೆಯ ಪಕ್ಕ ತೂಗುಹಾಕಿದ. ಅವನ ಭುಜದ ಎತ್ತರಕ್ಕೇ ಬಂತು. ಎರಡೂ ಜೇಬಿನೊಳಗೆ ಕೈ ಇಳಿಸಿದ. ಅವನ ಕೈಗೆ ಅವು ಚಿಕ್ಕವು, ಬೆರಳಷ್ಟೇ ಹಿಡಿದವು.

“ಟೀಚರಮ್ಮ ಕೇಳ್ತಿದಾರೆ ಕಣೇ” ಅಂದ. “ಯಾವ ಬಣ್ಣ ಬೇಕು ನಿಂಗೆ?”

ಇಷ್ಟು ದಿನ ಬಾರದ ಅಳು ಆಗ ಒಮ್ಮೆಲೇ ಉಕ್ಕಿ ಬಂತು. ಯಾರಿಗೂ ಕೇಳಿಸಬಾರದೆಂದು, ರೂಢಿಯಿಂದಲೇ, ಆ ಸ್ವೆಟರನ್ನು ಬಾಯಿಗೆ ಒತ್ತಿ ಹಿಡಿದುಕೊಂಡ.