ಕುಟ್ಟುವ ಮೊದಲು ಒಂದು ಕೂಗು

ನರಗುಂದದ ಕೋಟೆ ಬಿದ್ದ ಮರುವರ್ಷ ನಾನು ಆ ಊರಿಗೆ ಸೊಸೆಯಾಗಿ ಬಂದೆ. ಎದುರುಮನೆಯ ಕಾಕಾ ಗುಡ್ಡದ ಮೇಲಿನ ಆ ಕೋಟೆಯಲ್ಲಿ ತೋಪು ಹಾರಿಸುತ್ತಿದ್ದವರು. ಈಗ ದಪ್ಪ ಮೀಸೆ ಹೊತ್ತು, ಕಟ್ಟೆಯ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಓಣಿಯ ಹೆಂಗಸರು ಒನಕೆ ಎತ್ತುವ ಮೊದಲು, "ಕುಟ್ಟತೇವ್ರಿ ಕಾಕಾ" ಎಂದು ಕೂಗುತ್ತಿದ್ದರು. ಅವರು ಹಗ್ಗ ಬಿಗಿಹಿಡಿದು, "ಹ್ಞೂಂ, ಕುಟ್ರವ್ವಾ" ಎನ್ನುತ್ತಿದ್ದರು.

ಈ ಪದ್ಧತಿ ನನಗೆ ಯಾರೂ ಹೇಳಿರಲಿಲ್ಲ. ಬಂದ ಮೂರನೇ ದಿನ ಸುಮ್ಮನೆ ಖಾರ ಕುಟ್ಟತೊಡಗಿದೆ. ಮೊದಲ ಪೆಟ್ಟಿಗೇ ಕಾಕಾ ಕಟ್ಟೆಯಿಂದ ಜಿಗಿದು, ಬೀದಿಯಲ್ಲಿ ಆಡುತ್ತಿದ್ದ ಕೂಸನ್ನು ಮೈಯಿಂದ ಮುಚ್ಚಿಕೊಂಡು ಬೋರಲು ಬಿದ್ದರು. ನಾನು ಅಳುತ್ತ ಹೋಗಿ ಕಾಲು ಹಿಡಿದೆ.

"ನಿಂದೇನ ತಪ್ಪಿಲ್ಲ ತಂಗಿ," ಎಂದರು ಮಣ್ಣು ಕೊಡವಿಕೊಳ್ಳುತ್ತ. "ನನ್ನ ಕಿವಿ ಇನ್ನೂ ಗುಡ್ಡದ ಮ್ಯಾಲ ಐತಿ."

ಅಂದೇ ಸಂಜೆ ನಮ್ಮ ಅತ್ತೆ ಕಾಕಾ ಅವರಿಗೆ ಹೇಳಿದರು: "ಸಪ್ಪಳ ನಿಮ್ಮ ಕೈಯಾಗಿಂದನ ಬರಲಿ, ಆವಾಗ ಅಂಜಿಕಿ ಹೋದರೂ ಹೋದೀತು."

ಮೊದಮೊದಲು ಅವರು ನಮ್ಮ ಒರಳಿನ ಹತ್ತಿರ ಬಂದು ಕೂತರು, ಅಷ್ಟೇ. ಆಮೇಲೊಂದು ದಿನ ಒನಕೆ ಮುಟ್ಟಿ, ಬೆವರಿ, ಎದ್ದು ಹೋದರು. ಮರುದಿನ ಮತ್ತೆ ಬಂದರು. ಹೀಗೆ ಒಂದು ಸುಗ್ಗಿ ಕಳೆಯಿತು.

ಒಂದು ಮುಂಜಾನೆ ಅವರೇ ಒನಕೆ ಎತ್ತಿದರು. ಎತ್ತಿದವರು ಹಾಗೇ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು: "ಕುಟ್ಟತೇನ್ರವ್ವಾ."

ಮನೆಮನೆಯಿಂದ ಉತ್ತರ ಬಂತು: "ಹ್ಞೂಂ, ಕುಟ್ರಿ ಕಾಕಾ."