ಒರತೆ ಬತ್ತಿಸಿದ ಮನೆ

ನಮ್ಮ ಮನೆತನದಲ್ಲಿ ಗೃಹಪ್ರವೇಶದ ಗಂಗೆಪೂಜೆಗೆ ನಲ್ಲಿ ನೀರು ನಡೆಯುವುದಿಲ್ಲ. ಹರಿಹರದ ಹೊಳೆಯ ಮರಳಲ್ಲಿ ಕೈಯಿಂದಲೇ ಒರತೆ ತೋಡಿ, ಮೊದಲು ಬರುವ ಕದಡು ನೀರನ್ನು ಚೆಲ್ಲಿ, ಆಮೇಲೆ ತಿಳಿಯಾಗಿ ಜಿನುಗಿದ್ದನ್ನು ತಂಬಿಗೆಗೆ ತುಂಬಿ ತರಬೇಕು. ತೋಡುವುದು ಹರಿಹರದಲ್ಲೇ ಇರುವ ದೊಡ್ಡಮ್ಮನ ಹಕ್ಕು. ಸೊಸೆಯರಿಗೂ ಅವಳು ಅದನ್ನು ಬಿಟ್ಟುಕೊಟ್ಟಿಲ್ಲ.

ಈ ಬೇಸಿಗೆಯಲ್ಲಿ ನನ್ನ ತಮ್ಮ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಪ್ರವೇಶದ ದಿನ ಬೆಳಿಗ್ಗೆಯೇ ನಾನು ಹರಿಹರಕ್ಕೆ ಹೋಗಿ, ದೊಡ್ಡಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಳೆಗಿಳಿದೆ. ಮರಳೇ ಇರಲಿಲ್ಲ! ಚಿಕ್ಕವರಿದ್ದಾಗ ನಾವು ಉರುಳಾಡಿದ ದಿಬ್ಬಗಳ ಜಾಗದಲ್ಲಿ ಜೇಡಿಮಣ್ಣು, ಬಂಡೆ, ಟಿಪ್ಪರ್ ಇಳಿದ ಜಾಡು. ಅಗೆದುಬಿಟ್ಟ ಗುಂಡಿಗಳಲ್ಲಿ ಪಾಚಿಗಟ್ಟಿ ನಾರುವ ನೀರು. ದೊಡ್ಡಮ್ಮ ಸೆರಗು ಸಿಕ್ಕಿಸಿ ಅಲ್ಲಿ ತೋಡಿದಳು, ಇಲ್ಲಿ ತೋಡಿದಳು. ಉಗುರಿನೊಳಗೆ ಜೇಡಿ ಹೊಕ್ಕಿತೇ ಹೊರತು ಒಂದು ಹನಿ ಜಿನುಗಲಿಲ್ಲ.

"ಇಷ್ಟು ದೊಡ್ಡ ಹೊಳಿನ ಹೆಂಗೆ ಹೊತ್ಕೊಂಡ್ ಹೋದ್ರವ್ವ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಮಳೆ ಕೈಕೊಟ್ಟಿದ್ದರೆ ದೇವರನ್ನಾದರೂ ಬೈಯಬಹುದಿತ್ತು. ಇದು ಹಾಡಹಗಲೇ, ಊರೆಲ್ಲ ನೋಡುತ್ತಿರುವಾಗ ಸಾಗಿಸಿದ್ದು. ಟಿಪ್ಪರಿಗೆ ಬಾಡಿಗೆ ಉಂಟು, ಡೀಸೆಲ್ಲಿಗೆ ದುಡ್ಡು ಉಂಟು, ತುಂಬುವವರಿಗೆ ಕೂಲಿ ಉಂಟು. ಹೊಳೆಗೆ ಮಾತ್ರ ಏನೂ ಇಲ್ಲ, ಅದು ಪುಕ್ಕಟೆ! ಬೇಸಿಗೆಯಲ್ಲಿ ನೀರನ್ನು ಹಿಡಿದಿಟ್ಟು ದಡದ ಜನಕ್ಕೆ ಕುಡಿಸುತ್ತಿದ್ದದ್ದೇ ಆ ಮರಳು ಎಂಬುದನ್ನು ಯಾವ ಧಣಿ ಲೆಕ್ಕಕ್ಕೆ ಹಿಡಿದಾನು?

ಖಾಲಿ ತಂಬಿಗೆಯೊಂದಿಗೆ ದಾವಣಗೆರೆಗೆ ಬಂದೆವು. ಪುರೋಹಿತರು ಅವಸರ ಮಾಡುತ್ತಿದ್ದರು. "ಕ್ಯಾನ್ ನೀರು ಐತಲ್ಲ ದೊಡ್ಡಮ್ಮ, ಅದನ್ನೇ ತುಂಬು, ಮುಹೂರ್ತ ಮೀರ್ತೈತೆ" ಎಂದ ತಮ್ಮ. ಅವಳು ಉಗುರಿನ ಜೇಡಿ ತೊಳೆದುಕೊಂಡು ತಂಬಿಗೆ ತುಂಬಿದಳು.

ಪೂಜೆ ಮುಗಿದ ಮೇಲೆ ತಮ್ಮ ನೆಂಟರಿಗೆ ಮನೆ ತೋರಿಸುತ್ತಾ ನಡುಮನೆಯ ಗೋಡೆಗೆ ಅಂಗೈ ಬಡಿದ. "ಕಲ್ಲು ಪುಡಿ ಮಾಡಿದ ಆ ಎಂ-ಸ್ಯಾಂಡ್ ಮುಟ್ಟಿಲ್ರಿ ನಾನು. ಪೂರಾ ಹೊಳಿ ಮರಳು, ನಮ್ಮ ಹರಿಹರದ್ದೇ. ಎಷ್ಟು ನುಣುಪು ಐತೆ ನೋಡ್ರಿ!"

"ಬಾಯಿ ಮುಚ್ಚೋ, ನಾಚಿಕೆಯಾಗಲ್ವ?" ಎಂದು ನಾನು ಅಷ್ಟು ಜನರ ಎದುರೇ ಕೂಗಿದೆ. ನೆಂಟರು ಮುಖ ಮುಖ ನೋಡಿಕೊಂಡರು.

"ಎಲ್ರೂ ತರಿಸ್ತಾರಕ್ಕ. ನಾನೊಬ್ಬ ಬಿಟ್ರೆ ಹೊಳಿ ಉಳಿತಿತ್ತಾ?" ಎಂದ ಅವನು. ಮನೆ ಕಟ್ಟಿಸಿದ ಪ್ರತಿಯೊಬ್ಬನೂ ಇದನ್ನೇ ಹೇಳಿದ್ದಾನು.

ಬಾಗಿಲ ಬಳಿ ನಿಂತಿದ್ದ ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಊಟಕ್ಕೆ ಎಲೆ ಹಾಕುತ್ತಿದ್ದರು. ತಮ್ಮ ಅವಳ ಕೈ ಹಿಡಿದು ಮೊದಲ ಪಂಕ್ತಿಗೆ ಕರೆದ.

"ಬ್ಯಾಡಪ್ಪ," ಎಂದು ಅವಳು ಕೈ ಬಿಡಿಸಿಕೊಂಡಳು. "ನಿನ್ನ ಮಗಳು ಮನಿ ಕಟ್ಟಿಸಿದಾಗ ನಾನೆಲ್ಲಿ ತೋಡ್ಲಿ, ಅದನ್ನಷ್ಟು ಹೇಳು."

ದೊಡ್ಡಮ್ಮ ಉಪವಾಸವೇ ಬಂದು ನನ್ನ ಸ್ಕೂಟರ್ ಹತ್ತಿದಳು.