ಏಳು ಸೇತುವೆಗಳ ಹಳಿಮಾವ

ರೈಲಿನ ಪುಟ್ಟ ಮಾದರಿಗಳನ್ನು ಮಾಡುವ ಹವ್ಯಾಸದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವರ ರೈಲುಗಳಿಗೆ ಹೊಳೆಯುವ ಬಣ್ಣವಿರುತ್ತದೆ, ಸಾಲು ಕಿಟಕಿಗಳಿರುತ್ತವೆ, ಕಿಟಕಿಯಲ್ಲಿ ಕೈ ಬೀಸುವ ಗೊಂಬೆಗಳಿರುತ್ತವೆ. ಕಾಡಿನಿಂದ ದಿಮ್ಮಿ ಹೊರುವ, ಗಣಿಯಿಂದ ಅದಿರು ಹೊರುವ, ಹುಟ್ಟಿನಿಂದಲೇ ಮಸಿ ಬಳಿದುಕೊಂಡ ಸಣ್ಣ ರೈಲುಗಳನ್ನು ಪ್ರೀತಿಸುವವರು ಮಾತ್ರ ಬೆರಳೆಣಿಕೆಯಷ್ಟು. ಎಲ್ಲೆಲ್ಲೋ ಚೆದುರಿದ್ದ ಆ ಬೆರಳುಗಳನ್ನು ಒಟ್ಟು ಸೇರಿಸಿ ಒಂದು ಕೈ ಮಾಡಿದವರು ಹಳಿಮಾವ. ನಮ್ಮ ಕೂಟದ ಸಂಚಾಲಕತ್ವದಿಂದ ಅವರು ಈಗ ನಿವೃತ್ತರಾಗಿದ್ದಾರೆ. ಅವರನ್ನು ಅಭಿನಂದಿಸುವ ಈ ಪುಸ್ತಕದಲ್ಲಿ ಹೊಗಳಿಕೆಯ ಮಾತುಗಳನ್ನು ಬರೆಯಲು ಬಲ್ಲವರು ಬೇರೆ ಇದ್ದಾರೆ. ಬೀಳ್ಕೊಡುಗೆಯ ದಿನ ಹಾರ ಹಾಕುವುದಕ್ಕೆ ಮುಂಚೆ ನಡೆದದ್ದನ್ನು ಯಾರೂ ಬರೆಯುವುದಿಲ್ಲ ಅಂತ ಗೊತ್ತಿರುವುದರಿಂದ ಅದನ್ನು ಮಾವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯಲಾಗಿದೆ.

ಅವರು ಹರೆಯದಲ್ಲಿ ಒಂದು ಮರದ ಕಂಪನಿಯ ರೈಲಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಹಳಿ ಕವಲೊಡೆಯುವ ಜಾಗದಲ್ಲಿ ನಿಂತು, ಸನ್ನೆಕೋಲು ಎಳೆದು, ರೈಲನ್ನು ಈ ದಾರಿಗೋ ಆ ದಾರಿಗೋ ಕಳಿಸುವ ಕೆಲಸ. ಕಾಡು ಮುಗಿಯಿತು, ಕಂಪನಿ ಹಳಿ ಕಿತ್ತಿತು, ಇವರು ಅದಿರಿನ ಲೈನಿಗೆ ಹೋದರು. ಅದಿರೂ ಮುಗಿಯಿತು. ಎರಡು ಸಲ ಕಾಲಡಿಯ ಹಳಿ ಕಳೆದುಕೊಂಡ ಮನುಷ್ಯ ಮೂರನೆಯ ಸಲ ಅದನ್ನು ಮನೆಯ ನಡುಕೋಣೆಯಲ್ಲಿ, ಊಟದ ಮೇಜಿನ ಮೇಲೆ ಹಾಸಿದರು. ಅವರ ಹೆಂಡತಿ ಒಂದು ವರ್ಷ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡು, ಆಮೇಲೆ, "ನಿಮ್ಮ ಸಂಸಾರ ತಗೊಂಡು ಬೇರೆ ಮನೆ ಮಾಡ್ಕೊಳ್ಳಿ, ನಾನು ಅಡ್ಡ ಬರಲ್ಲ" ಅಂದರು. ಹಾಗೆ ಹುಟ್ಟಿದ್ದು ನಮ್ಮ ಕೂಟ, ಮರ ಕೊಯ್ಯುವ ಸಾಮಿಲ್ಲಿನ ಮಹಡಿಯ ಮೇಲಿನ ದೊಡ್ಡ ಹಾಲ್‌ನಲ್ಲಿ. ಅವರಿಗೆ ಮಗಳಿಲ್ಲ, ಆದ್ದರಿಂದ ಅಳಿಯನೂ ಇಲ್ಲ. ಆದರೂ ಅವರು ಎಲ್ಲರಿಗೂ ಮಾವ, ಆ ತಾಯಿ ಎಲ್ಲರಿಗೂ ಅತ್ತೆ.

ಕೂಟದ ಕ್ರಮ ಸರಳವಾದದ್ದು. ಒಬ್ಬೊಬ್ಬರು ತಮ್ಮ ಮನೆಯಲ್ಲಿ ಒಂದೊಂದು ಹಲಗೆ ಸಿದ್ಧಮಾಡುತ್ತಾರೆ. ಅದರ ಮೇಲೆ ಹಳಿ, ಹಳಿಯ ಅಕ್ಕಪಕ್ಕ ಒಂದು ತುಂಡು ಲೋಕ. ವರ್ಷಕ್ಕೊಮ್ಮೆ ಹಲಗೆಗಳನ್ನೆಲ್ಲ ಹಾಲಿನ ಉದ್ದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಎರಡು ತುದಿಗೂ ಕೂಟದ ಸುತ್ತುಹಳಿ ಕೂರಿಸಿದರೆ ಒಂದು ರೈಲು ಎಲ್ಲರ ಲೋಕವನ್ನೂ ಹಾದು, ತಿರುಗಿ ಬರುತ್ತದೆ. ಮಾವನ ಕಟ್ಟಪ್ಪಣೆ ಒಂದೇ: ಹಲಗೆಯ ಎರಡು ತುದಿಯಲ್ಲೂ ಹಳಿ ನಟ್ಟನಡುವೆ ಇರಬೇಕು, ಎತ್ತರ ಒಂದೇ ಇರಬೇಕು, ಯಾವ ಹಲಗೆಯ ಯಾವ ತುದಿಗೆ ಯಾವುದನ್ನು ತಂದಿಟ್ಟರೂ ಕೂಡಬೇಕು.

ಈ ಅಪ್ಪಣೆಗೆ ಎಲ್ಲರಿಗಿಂತ ಹೆಚ್ಚು ಬೈದವನು ವೆಲ್ಡರ್. ಕಬ್ಬಿಣ ತನಗೆ ಹೆದರುತ್ತದೆ ಅಂತ ನಂಬಿದವನು ಅವನು, ಮೂಗಿನ ತುದಿಯಲ್ಲೇ ಕೋಪ. ಮೊದಲ ವರ್ಷ ಅವನ ಹಲಗೆಯ ಹಳಿ ಪಕ್ಕದವರದಕ್ಕಿಂತ ಒಂದು ಕೂದಲು ಕೆಳಗಿತ್ತು. ರೈಲು ಅಲ್ಲಿಗೆ ಬಂದಾಗಲೆಲ್ಲ ಮುಗ್ಗರಿಸುತ್ತಿತ್ತು. ಅವನು ಹಲಗೆಯನ್ನು ಕಿಟಕಿಯಿಂದ ಆಚೆ ಎಸೆಯಲು ಎತ್ತಿದ್ದ. ಮಾವ ಬಂದರು. ರಟ್ಟಿನ ಚೂರೊಂದನ್ನು ಮಡಿಸಿ ಹಲಗೆಯ ಜಾಗದಲ್ಲಿ ಮೇಜಿನ ಮೇಲಿಟ್ಟು, "ನಿನ್ನ ಹಲಗೆ ಸರಿ ಇದೆ. ಮೇಜು ಓರೆ" ಅಂದರು. ಮೇಜು ಓರೆಯಿರಲಿಲ್ಲ ಅನ್ನುವುದು ವೆಲ್ಡರನಿಗೂ ಗೊತ್ತಿತ್ತು. ಆವತ್ತಿನಿಂದ ಅವನು ಜಗಳ ಆಡುತ್ತಲೇ ಅವರ ಜೊತೆ ಉಳಿದ.

ಟೈಲರಮ್ಮ ಕೂಟಕ್ಕೆ ಬಂದದ್ದು ತೀರಿಕೊಂಡ ಗಂಡನ ಅರೆಬರೆ ಇಂಜಿನ್ನನ್ನು ಯಾರಿಗಾದರೂ ಕೊಟ್ಟುಬಿಡಲು. "ಇಂಜಿನ್ ಇಲ್ಲೇ ಇರ್ಲಿ ತಾಯಿ. ಅದು ಓಡಾಡೋಕೆ ಕಾಡು ಬೇಕಲ್ಲ, ನೀವೇ ಮಾಡಿ" ಅಂದರು ಮಾವ. ಆಕೆ ದಾರದ ಉಂಡೆ, ಬಟ್ಟೆಯ ಚಿಂದಿಯಿಂದ ಮಾಡಿದ ಮರಗಳನ್ನು ನೋಡಿ ಕಾಡು ಕಂಡವರೇ ಬೆರಗಾಗಿದ್ದಾರೆ. ಹಲ್ಲಿನ ಡಾಕ್ಟರಿಗೆ ಗಣಿಯ ಬಾಯಿ ಕೊಟ್ಟರು. ಬಾಯಿ ಕೊರೆಯುವುದು ಅವರಿಗೆ ಹೊಸದೇನಲ್ಲ. ಡ್ರಾಯಿಂಗ್ ಮೇಷ್ಟ್ರಿಗೆ ಗುಡ್ಡ, ಬ್ಯಾಂಕಿನ ಕ್ಯಾಷಿಯರಿಗೆ ನೀರಿನ ತೊಟ್ಟಿ, ಟೈರ್ ಅಂಗಡಿಯ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಮೂಲೆ, ಯಾಕೆಂದರೆ ಒಂದೇ ಮನೆಯಲ್ಲಿದ್ದೂ ಅವರಿಬ್ಬರಿಗೆ ಮಾತಿಲ್ಲ. ಕೂಟಕ್ಕೆ ತಿಂಗಳುಗಳ ಮುಂಚೆ ಮಾವ ಒಬ್ಬೊಬ್ಬರಿಗೂ ಫೋನ್ ಮಾಡಿ, "ಈ ವರ್ಷ ನಿನ್ನದು ಇಂಥದ್ದು" ಅಂತ ಹೇಳುತ್ತಿದ್ದರು. ಅದೊಂದು ಕೆಲಸ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಉಸಿರಾಟವನ್ನು ಯಾರು ಕೆಲಸ ಅನ್ನುತ್ತಾರೆ?

ಒಂದನ್ನು ಮಾತ್ರ ಅವರು ಯಾರಿಗೂ ಕೊಡಲಿಲ್ಲ: ಸೇತುವೆ. ಅವರ ಹರೆಯದ ಲೈನಿನಲ್ಲಿ ಹೊಳೆಗೆ ಅಡ್ಡಲಾಗಿ ಒಂದು ಮರದ ಸೇತುವೆಯಿತ್ತಂತೆ. ಮೂರು ದಿಮ್ಮಿಗಂಬ, ಮಧ್ಯದ ಕಂಬಕ್ಕೆ ನೇತುಹಾಕಿದ ಲಾಟೀನು, ರೈಲು ಹತ್ತಿದರೆ ಮುದುಕಿಯ ಮಂಡಿಯ ಹಾಗೆ ಲಟಲಟ ಸದ್ದು. ಆ ಕಥೆಯನ್ನು ವರ್ಷವರ್ಷವೂ ಕೇಳಿ ನಮಗೆಲ್ಲ ಬಾಯಿಪಾಠ. ಎಲ್ಲರೂ ಅದನ್ನೇ ಬೇಡಿದ್ದೆವು. "ಸೇತುವೆ ಎಲ್ಲರಿಗೂ ಬೇಕು. ಎಲ್ಲರೂ ಸೇತುವೆ ಕಟ್ಟಿದ್ರೆ ರೈಲು ಹೋಗೋದು ಎಲ್ಲಿಗೆ? ಮೊದ್ಲು ಕಾಡು ಬೆಳೆಸು" ಅಂತ ಅವರು ಬಾಯಿ ಮುಚ್ಚಿಸುತ್ತಿದ್ದರು.

ಹೋದ ವರ್ಷ ಅವರು ಕ್ಯಾಷಿಯರಿಗೆ ಹೇಳಿದ್ದ ನೀರಿನ ತೊಟ್ಟಿಯನ್ನೇ ಮರೆತು ಟೈಲರಮ್ಮನಿಗೂ ಹೇಳಿಬಿಟ್ಟರು. ಎರಡು ತೊಟ್ಟಿ ಅಕ್ಕಪಕ್ಕ ನಿಂತವು. ನಾವು ನಕ್ಕೆವು, ಮರೆತೆವು. ಅವರು ಮರೆಯಲಿಲ್ಲ. ಕೆಲವು ದಿನದ ಮೇಲೆ ವೆಲ್ಡರನ ಅಂಗಡಿಗೆ ಬಂದು, ಕಿಡಿ ಹಾರುವುದು ನಿಲ್ಲುವವರೆಗೆ ಕಾದು, "ನಾನು ಬಿಡ್ತೀನಪ್ಪ. ನೀನು ನೋಡ್ಕೋ" ಅಂದರು.

"ಯಾಕೆ? ಯಾರಾದ್ರೂ ಏನಾದ್ರೂ ಅಂದ್ರಾ? ಹೆಸರು ಹೇಳಿ ಸಾಕು."

"ಯಾರೂ ಏನೂ ಅಂದಿಲ್ಲ. ಮೊನ್ನೆ ಅಂಗಡಿಗೆ ಹೋಗಿ ಏನು ತಗೋಬೇಕು ಅಂತ ಗೊತ್ತಾಗ್ದೆ ವಾಪಸ್ ಬಂದೆ. ಒಂದಿದ್ದದ್ದು ಎರಡಾಗಿ ಕಾಣೋ ಕಾಲ ಬಂತೇನೋ. ತಲೆ ಕೆಟ್ಟು ಎಲ್ಲರ ಮುಂದೆ ನಗೆಪಾಟಲಾಗೋದಕ್ಕಿಂತ ಮೊದಲೇ ಎದ್ದು ಹೋಗ್ತೀನಿ. ಇದು ನಮ್ಮಿಬ್ಬರಲ್ಲೇ ಇರ್ಲಿ."

ದಿಗಿಲಾದಾಗ ವೆಲ್ಡರನಿಗೆ ಬರುವುದು ಸಿಟ್ಟು. "ತಲೆ ಕೆಟ್ಟಿರೋದು ನಿಮಗಲ್ಲ, ನಿಮ್ಮ ಮಾತು ಕೇಳ್ತಾ ಕೂತಿರೋ ನನಗೆ" ಅಂತ ಮುಖಕವಚ ಇಳಿಸಿಕೊಂಡು ಬೆಸುಗೆಗೆ ಕೂತ. ಆದರೆ ಹೊಸ ಸಂಚಾಲಕನಾಗಿ ಮಾವನಿಗೆ ಒಂದು ದೊಡ್ಡ ಕಾಣಿಕೆ ಕೊಡಬೇಕೆಂದು ಆವತ್ತೇ ನಿಶ್ಚಯಿಸಿದ. ಎಲ್ಲರಿಗೂ ಫೋನ್ ಮಾಡಿ, "ಮಾವ ಕೆಲಸ ಮಾಡಿದ ಲೈನನ್ನೇ ಈ ಸಲ ಮೇಜಿನ ಮೇಲೆ ತರೋಣ. ಅವರಿಗೆ ಗೊತ್ತಾಗಬಾರದು. ಒಬ್ಬರಿಗೊಬ್ಬರು ಮಾತಾಡ್ಕೋಬೇಡಿ, ಬಾಯಿಂದ ಬಾಯಿಗೆ ಬಿದ್ರೆ ಅವರ ಕಿವಿಗೂ ಬೀಳುತ್ತೆ. ನಿಮಗೆ ತೋಚಿದ್ದು ಮಾಡಿ ತನ್ನಿ" ಅಂತ ಹೇಳಿ, ಪ್ರಶ್ನೆ ಕೇಳುವಷ್ಟರಲ್ಲಿ ಫೋನ್ ಇಟ್ಟ.

ಬೀಳ್ಕೊಡುಗೆಯ ಬೆಳಿಗ್ಗೆ ಹಲಗೆಗಳು ಹಳೆಯ ದುಪ್ಪಟಿಗಳನ್ನು ಹೊದ್ದುಕೊಂಡು, ಸಾಮಿಲ್ಲಿನ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಬಂದವು. ಟೈಲರಮ್ಮ ಮೊದಲು ಹೊದಿಕೆ ತೆಗೆದರು. ಮೂರು ದಿಮ್ಮಿಗಂಬದ ಸೇತುವೆ, ಮಧ್ಯದ ಕಂಬಕ್ಕೆ ಲಾಟೀನು. ಎಲ್ಲರೂ ಭೇಷ್ ಅಂದರು. ಕ್ಯಾಷಿಯರ್ ಮಾತ್ರ ಭೇಷ್ ಅನ್ನಲಿಲ್ಲ. ಅವರು ತಮ್ಮ ದುಪ್ಪಟಿಯ ಅಂಚು ಎತ್ತಿ ಒಳಗೆ ಇಣುಕಿ, ಮತ್ತೆ ಮುಚ್ಚಿದರು.

"ಏನಿದೆ ರೀ ಒಳಗೆ?" ಅಂದ ವೆಲ್ಡರ್.

"ಅದೇ ಇದೆ" ಅಂದರು ಕ್ಯಾಷಿಯರ್.

ವೆಲ್ಡರ್ ಒಂದೊಂದಾಗಿ ದುಪ್ಪಟಿ ಕಿತ್ತೆಸೆದ. ಸೇತುವೆ. ಸೇತುವೆ. ಮತ್ತೆ ಸೇತುವೆ. ಮೇಷ್ಟ್ರದೂ ಅದೇ. "ಡಾಕ್ಟ್ರೇ, ವಾರಪೂರ್ತಿ ಬಾಯಲ್ಲಿ ಬ್ರಿಡ್ಜ್ ಕಟ್ತೀರಿ, ಇಲ್ಲೂ ಅದೇನಾ?" ಅಂತ ಅವರ ಮೇಲೆ ಹರಿಹಾಯ್ದ. ಟೈರ್ ಅಂಗಡಿಯ ಅಣ್ಣ ಎಷ್ಟೋ ವರ್ಷದ ಮೇಲೆ ತಮ್ಮನನ್ನು ನೇರವಾಗಿ ಮಾತಾಡಿಸಿದ: "ನನ್ನ ಕೋಣೆಗೆ ಕದ್ದು ನುಗ್ಗಿದ್ದೆ ಅಲ್ವೇನೋ?" ತಮ್ಮ, "ನಿನ್ನ ಕೋಣೇಲಿ ಕದಿಯೋಕೆ ಏನಿದೆ, ಹರಕು ಟ್ಯೂಬು?" ಅಂದ. ಕೊನೆಗೆ ಉಳಿದದ್ದು ವೆಲ್ಡರನ ಹಲಗೆ. ಅದರ ಹೊದಿಕೆ ಅವನು ತೆಗೆಯಲಿಲ್ಲ, ಟೈಲರಮ್ಮ ತೆಗೆದರು. ಕಬ್ಬಿಣದ ಕಡ್ಡಿ ಬೆಸೆದು, ಮರದ ಬಣ್ಣ ಬಳಿದ ಸೇತುವೆ.

ಒಟ್ಟು ಏಳು. ಕಾಡಿಲ್ಲ, ಗಣಿಯಿಲ್ಲ, ದಿಮ್ಮಿ ಇಳಿಸಲು ಮಿಲ್ಲಿಲ್ಲ. ಯಾರ ತಪ್ಪು ಅಂತ ಹುಡುಕಹೊರಟರೆ ಎಲ್ಲರೂ ಹೇಳಿದಂತೆ ಕೇಳಿದವರೇ. ಇಷ್ಟು ವರ್ಷ ಇದು ಯಾಕೆ ಆಗಿರಲಿಲ್ಲ ಅಂತ ಒಬ್ಬೊಬ್ಬರಿಗೂ ನಿಧಾನವಾಗಿ ಅರ್ಥವಾಗುತ್ತಿರುವಾಗಲೇ ಮೆಟ್ಟಿಲ ಮೇಲೆ ಮಾವನ ಚಪ್ಪಲಿಯ ಸದ್ದು ಕೇಳಿತು. ಮುಚ್ಚಿಡಲು ಸಮಯವಿರಲಿಲ್ಲ.

ಮಾವ ಒಳಗೆ ಬಂದು ಮೊದಲ ಸೇತುವೆಯ ಮುಂದೆ ನಿಂತರು. ಮುಖ ಅರಳಿತು. ಬೆರಳಲ್ಲಿ ಲಾಟೀನು ಮುಟ್ಟಿದರು. ಎರಡನೆಯದಕ್ಕೆ ಬಂದರು, ತಿರುಗಿ ಮೊದಲನೆಯದನ್ನು ನೋಡಿದರು. ಮೂರನೆಯದರ ಹತ್ತಿರ ಅವರ ನಗು ಹೋಗಿತ್ತು. ಐದನೆಯದನ್ನು ದಾಟಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕೂತು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅವರು ಬೇಸರಪಟ್ಟರು ಅಂದುಕೊಂಡು ಎಲ್ಲರೂ ಮೇಜಿನ ಕಡೆ ಬೆನ್ನು ಮಾಡಿ ನಿಂತರು. ವೆಲ್ಡರ್ ನೀರು ತಂದ. ಮಾವ ಲೋಟ ತೆಗೆದುಕೊಳ್ಳದೆ ಅವನ ತೋಳು ಹಿಡಿದು ಬಗ್ಗಿಸಿದರು.

"ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ಆ ಮೇಜಿನ ಮೇಲೆ ಎಷ್ಟು ಸೇತುವೆ ಇದೆ?"

ಅಣಕಿಸುತ್ತಿದ್ದಾರೆ ಅಂತ ವೆಲ್ಡರನಿಗೆ ಉರಿಯಿತು. "ಕಣ್ಣು ಕಾಣಲ್ವಾ ಮಾವ? ಏಳು."

"ಏಳಾ? ಎಲ್ಲಾ ಒಂದೇ ಥರ?"

"ಒಂದೇ ಥರ. ಕಂಬ ಅದೇ, ಲಾಟೀನು ಅದೇ. ಏಳು ಕತ್ತೆಗಳು ಏಳು ಮೂಲೇಲಿ ಕೂತು ಒಂದೇ ಸೇತುವೆ ಕಟ್ಟಿ ತಂದಿದೀವಿ. ಸಾಕಾ? ಇನ್ನೂ ಬೈಯ್ಬೇಕಾ?"

ಮಾವ ತೋಳು ಬಿಡದೆ, ಮೇಜಿನ ಕಡೆ ಬೆರಳು ಮಾಡಿ ತಾವೂ ಒಂದೊಂದಾಗಿ ಏಳರವರೆಗೆ ಎಣಿಸಿದರು. ಅದು ಅಣಕವಲ್ಲ ಅನ್ನುವುದು ಆಗ ಅವನಿಗೆ ತಿಳಿಯಿತು; ಒಂದು ಎರಡಾಗಿ ಕಾಣುವುದರ ಬಗ್ಗೆ ಅವರು ತನ್ನ ಅಂಗಡಿಯಲ್ಲಿ ಆಡಿದ ಮಾತು ನೆನಪಾಯಿತು.

"ಹಾಗಾದ್ರೆ ನನಗೆ ಕಾಣಿಸ್ತಿರೋದು ಸರಿಯಾಗೇ ಇದೆ" ಅಂದರು ಮಾವ. ಉಸಿರು ಬಿಟ್ಟರು. "ನಿನ್ನನ್ನೇ ಕೇಳಿದ್ದು ಯಾಕೆ ಅಂದ್ರೆ, ಬೇರೆ ಯಾರಾದ್ರೂ ಸಮಾಧಾನ ಹೇಳಿಬಿಡ್ತಾರೆ. ನಿನಗೆ ಅದು ಬರಲ್ಲ." ಆಮೇಲೆ ಅವರು ನಕ್ಕದ್ದು ಕೆಳಗೆ ಸಾಮಿಲ್ಲಿನವರಿಗೂ ಕೇಳಿಸಿತು.

ನಕ್ಕು ಮುಗಿಸಿ ಎದ್ದು ಮೇಜಿನ ಹತ್ತಿರ ಬಗ್ಗಿದರು. ಏಳೂ ಹಲಗೆಯಲ್ಲಿ ವಾರ್ನಿಷ್ ಸುರಿದು ಹೊಳೆ ಮಾಡಿತ್ತು; ಹರಿವಿನ ದಿಕ್ಕು ತೋರಿಸಲು ಕಂಬಗಳ ಹಿಂದೆ ಬಿಳಿ ಬಣ್ಣದ ನೊರೆ. ಅವರ ಕಥೆ ಕೇಳಿದ್ದವರೇ ತಾನೆ, ಏಳೂ ಹೊಳೆ ಒಂದೇ ಕಡೆಗೆ ಹರಿಯುತ್ತಿದ್ದವು.

"ಎರಡನೇದು, ನಾಲ್ಕನೇದು, ಆರನೇದು, ಮೂರನ್ನೂ ಹಿಂದುಮುಂದು ತಿರುಗಿಸಿ ಇಡಿ."

ಯಾರಿಗೂ ಅರ್ಥವಾಗಲಿಲ್ಲ. ಆದರೂ ತಿರುಗಿಸಿದರು. ಎರಡು ತುದಿಯೂ ಒಂದೇ ಆದ್ದರಿಂದ ಹಳಿಗಳು ಕಟ್ ಕಟ್ ಅಂತ ಕೂಡಿಕೊಂಡವು. ಈಗ ಮೊದಲ ಸೇತುವೆಯಡಿ ನೀರು ಆಚೆ ಹೋಗುತ್ತಿತ್ತು, ಎರಡನೆಯದರಡಿ ಈಚೆ ಬರುತ್ತಿತ್ತು, ಮೂರನೆಯದರಡಿ ಮತ್ತೆ ಆಚೆ.

"ಹೊಳೆ ಏಳಲ್ಲ, ಒಂದೇ" ಅಂದರು ಮಾವ. "ಹಾವಿನ ಥರ ಸುತ್ತಿ ಸುತ್ತಿ ಬರುತ್ತೆ. ರೈಲು ನೇರ ಹೋಗುತ್ತೆ. ಅದಕ್ಕೇ ಏಳು ಸಲ ದಾಟ್ಬೇಕು. ನಮ್ಮ ಲೈನಲ್ಲಿ ಒಂದೇ ಸೇತುವೆ ಇತ್ತು. ಇದು ನಿಮ್ಮ ಲೈನು."

ಟೈಲರಮ್ಮನ ಗಂಡನ ಇಂಜಿನ್ ದಿಮ್ಮಿ ಹೊತ್ತು ಹೊರಟಿತು. ವೆಲ್ಡರನ ಸೇತುವೆಯೊಂದು ಬಿಟ್ಟು ಉಳಿದವೆಲ್ಲ ಲಟಲಟ ಅಂದವು. ರೈಲು ಏಳು ಸಲ ಹೊಳೆ ದಾಟಿ, ಸುತ್ತುಹಳಿಯಲ್ಲಿ ತಿರುಗಿ, ದಿಮ್ಮಿಯನ್ನು ಎಲ್ಲೂ ಇಳಿಸದೆ ಹಾಗೇ ಹೊತ್ತು ಬಂತು. ಟೈರ್ ಅಂಗಡಿಯ ಅಣ್ಣತಮ್ಮಂದಿರು ಮೇಜಿನ ಆಚೆಗೊಬ್ಬ ಈಚೆಗೊಬ್ಬ ನಿಂತು, "ಬಂತು ನೋಡೋ", "ನೋಡಿದೆ ಕಣೋ" ಅನ್ನುತ್ತಿದ್ದರು.

ಹಾರ ಹಾಕುವ ಮುಂಚೆ ವೆಲ್ಡರ್ ಮಾವನನ್ನು ಪಕ್ಕಕ್ಕೆ ಕರೆದ. "ನೋಡಿದ್ರಲ್ಲ, ನಿಮ್ಮನ್ನ ಬಿಟ್ರೆ ನಮ್ಮ ಗತಿ ಇಷ್ಟೇ. ತಲೆ ಸರಿ ಇದೆ ಅಂತ ಗೊತ್ತಾಯ್ತಲ್ಲ, ವಾಪಸ್ ಬನ್ನಿ."

"ಇವತ್ತು ಸರಿ ಇತ್ತು" ಅಂದರು ಮಾವ. "ಅಂಗಡಿಗೆ ಹೋಗಿ ಮರೆತಿದ್ದೂ ನಿಜವೇ. ಸರಿ ಇರೋವಾಗ್ಲೇ ನನಗೊಂದು ಕೆಲಸ ಇದೆ. ಇಷ್ಟು ವರ್ಷ ನಿಮ್ಮ ಹಲಗೆ ಜೋಡಿಸೋದ್ರಲ್ಲಿ ನಾನೊಂದು ಹಲಗೆ ಮಾಡ್ಲಿಲ್ಲ. ಸೇತುವೆ ಯಾರಿಗೂ ಕೊಡ್ದೆ ಇಟ್ಕೊಂಡಿದ್ದು ಯಾಕೆ ಅಂದ್ಕೊಂಡೆ? ನಾನು ಮಾಡೋಣ ಅಂತ ಕಣಪ್ಪ."

ಆಮೇಲೆ ಹಾರ ಹಾಕಿದೆವು, ಭಾಷಣಗಳಾದವು. ಮರುವಾರ ಹೊಸ ಸಂಚಾಲಕ ಎಲ್ಲರಿಗೂ ಫೋನ್ ಮಾಡಲು ಕೂತ. ಮೊದಲ ಕರೆ ಮಾವನಿಗೆ.

"ಮುಂದಿನ ವರ್ಷಕ್ಕೆ ನಿಮ್ಮದು ಏನು ಮಾವ?"

"ಸೇತುವೆ."

"ಎಲ್ಲರೂ ಸೇತುವೆ ಕಟ್ಟಿದ್ರೆ ರೈಲು ಹೋಗೋದು ಎಲ್ಲಿಗೆ?"

ಆ ಕಡೆ ಮರ ಉಜ್ಜುವ ಸದ್ದು ಕೇಳಿತು. ತಮ್ಮದೇ ಮಾತು ಮರೆತರೇನೋ ಅಂತ ವೆಲ್ಡರ್ ಫೋನನ್ನು ಕಿವಿಗೆ ಒತ್ತಿಕೊಂಡ.

"ಉಳಿದವರಿಗೆ ಕಾಡು ಕೊಡು" ಅಂದರು ಮಾವ.

ಹಳಿಮಾವ ನೂರು ಕಾಲ ಬಾಳಲಿ. ಕೈಗೆ ಬಲ, ಕಣ್ಣಿಗೆ ಬೆಳಕು ಇರಲಿ. ಅಂಗಡಿಗೆ ಹೋಗಿ ಏನಾದರೂ ಮರೆತರೆ ಮರೆಯಲಿ, ತಂದುಕೊಡಲು ಮಗಳಿಲ್ಲದ ಮನೆಯ ಅಳಿಯಂದಿರು, ಟೈಲರಮ್ಮನೂ ಸೇರಿ, ಏಳು ಜನ ಇದ್ದೇವೆ. ಅತ್ತೆಯ ಊಟದ ಮೇಜು ಈಗ ಮತ್ತೆ ಮರದ ಚಕ್ಕೆಗಳಿಂದ ತುಂಬಿದೆ ಅಂತ ಸುದ್ದಿ. ಕಾಡಿನ ಹಲಗೆಗಳ ಜೊತೆಗೆ ಹಳೆಯ ಏಳನ್ನೂ ಇಟ್ಟುಕೊಂಡು, ಎಂಟನೆಯ ಸೇತುವೆಗೆ ನಮ್ಮ ಸಾಲಿನಲ್ಲಿ ಜಾಗ ಬಿಟ್ಟಿದ್ದೇವೆ. ಅಲ್ಲಿ ಹೊಳೆ ಈಚೆ ಬರಬೇಕೋ ಆಚೆ ಹೋಗಬೇಕೋ ಅನ್ನುವುದು ವೆಲ್ಡರನಿಗೆ ಈಗ ಗೊತ್ತು. ಆದರೂ ಅದನ್ನು ತಿರುಗಿಸಿ ಇಡುವ ಕೈ ಮಾವನದೇ ಆಗಿರಲಿ.